ಸ್ಕೆಚ್ ಪೆನ್ ಬಣ್ಣ ನಿಜಕ್ಕೂ ತೊಳೆದರೆ ಹೋಗುತ್ತದೆಯೇ? ಮಕ್ಕಳ ಕೈಗೆ ಕೊಡುವ ಮುನ್ನ ಮನೆಯಲ್ಲೇ ಪರೀಕ್ಷಿಸಿ

ಮಕ್ಕಳಿಗೆ ಚಿತ್ರ ಕಲಿಸುವ ನನಗೆ ಅಪ್ಪ ಅಮ್ಮಂದಿರಿಂದ ವರ್ಷವಿಡೀ ಬರುವ ಪ್ರಶ್ನೆ ಒಂದಿದೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಕೇಳುತ್ತಾರೆ, ನವೆಂಬರ್‌ನಲ್ಲಿ ರಾಜ್ಯೋತ್ಸವದ ಚಾರ್ಟ್ ಮಾಡಿಸುವಾಗ ಕೇಳುತ್ತಾರೆ, ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರಕ್ಕೆ ಸೇರಿಸುವಾಗಲೂ ಕೇಳುತ್ತಾರೆ: “ಡಬ್ಬದ ಮೇಲೆ ವಾಷಬಲ್ ಅಂತ ಬರೆದಿದೆ ಮೇಡಂ. ಬಿಳಿ ಯೂನಿಫಾರ್ಮ್‌ಗೆ ಆದರೆ ಹೋಗುತ್ತಾ? ಗೋಡೆ ಮೇಲೆ ಗೀಚಿದರೆ?”

ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಹತ್ತಿಯ ಅಂಗಿಯಿಂದ ಪೂರ್ತಿ ಹೋದ ಬಣ್ಣವೇ ಉಣ್ಣೆ ಸ್ವೆಟರ್‌ನಲ್ಲಿ ಉಳಿಯಬಹುದು. ಹತ್ತು ನಿಮಿಷದಲ್ಲಿ ತೊಳೆದರೆ ಬಿಡುವ ಗೆರೆ, ಒಂದು ವಾರ ಬಿಟ್ಟು ತೊಳೆದರೆ ಮಸುಕಾಗಿ ನಿಲ್ಲಬಹುದು. ಪೆನ್ನು, ಬಟ್ಟೆ, ನೀರು, ಸಮಯ ಈ ನಾಲ್ಕೂ ಸೇರಿ ಕಲೆ ಹೋಗುತ್ತದೋ ಇಲ್ಲವೋ ಎಂದು ತೀರ್ಮಾನಿಸುತ್ತವೆ. ಇವುಗಳಲ್ಲಿ ಪೆನ್ನೊಂದನ್ನು ಬಿಟ್ಟು ಉಳಿದ ಮೂರೂ ನಿಮ್ಮ ಮನೆಯವು. ಕಂಪನಿಗೆ ನಿಮ್ಮ ಗೋಡೆಯ ಬಣ್ಣವೂ ಗೊತ್ತಿಲ್ಲ, ನಿಮ್ಮ ಬೋರ್‌ವೆಲ್ ನೀರೂ ಗೊತ್ತಿಲ್ಲ. ಹಾಗಾಗಿ ಹೊಸ ಡಬ್ಬ ತಂದ ದಿನವೇ ಮಗುವಿನ ಕೈಗೆ ಕೊಡುವ ಮೊದಲು ಒಮ್ಮೆ ನೀವೇ ಪರೀಕ್ಷಿಸಿ ನೋಡಿ. ಹೆಚ್ಚು ಕೆಲಸವೇನಿಲ್ಲ. ಒಂದು ಸಂಜೆ ಗೆರೆ ಎಳೆದಿಟ್ಟರೆ ಮರುದಿನ ಫಲಿತಾಂಶ ಕೈಯಲ್ಲಿರುತ್ತದೆ. ಆಮೇಲೆ ಮಗು ಬಣ್ಣ ಹಚ್ಚಲು ಕೂತಾಗ “ಅಂಗಿ ನೋಡ್ಕೋ, ನೆಲ ನೋಡ್ಕೋ” ಎಂದು ಪಕ್ಕದಲ್ಲಿ ನಿಂತು ಗದರುವ ಅಗತ್ಯ ಬೀಳುವುದಿಲ್ಲ. ನನಗೆ ಮುಖ್ಯ ಅನ್ನಿಸುವುದು ಅದೇ. ಹೆದರಿಕೊಂಡು ಬಣ್ಣ ಹಚ್ಚುವ ಮಗು ಹಾಳೆಯ ನಡುವೆ ಪುಟ್ಟದೊಂದು ಚಿತ್ರ ಬರೆದು ಎದ್ದುಬಿಡುತ್ತದೆ.

ಯಾವ ಪೆನ್ನಿನ ಮಾತು ಇದು

ಮೆತ್ತನೆ ತುದಿಯ ಬಣ್ಣದ ಪೆನ್ನನ್ನೆಲ್ಲ ನಾವು ಸ್ಕೆಚ್ ಪೆನ್ ಎನ್ನುತ್ತೇವೆ. ಸ್ವಲ್ಪ ದಪ್ಪಗಿದ್ದರೆ ಮಾರ್ಕರ್. ಹೊರಗಿನಿಂದ ನೋಡಲು ಒಂದೇ ಥರ, ಒಳಗಿನ ಇಂಕು ಮಾತ್ರ ಬೇರೆ ಬೇರೆ.

ಪರ್ಮನೆಂಟ್ ಮಾರ್ಕರ್‌ನಲ್ಲಿ ಆಲ್ಕೊಹಾಲ್‌ನಂಥ ದ್ರಾವಕವಿರುತ್ತದೆ, ಜೊತೆಗೆ ಬಣ್ಣವನ್ನು ಹಿಡಿದಿಡುವ ರಾಳವಿರುತ್ತದೆ. ದ್ರಾವಕ ಆರಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ವೈಟ್‌ಬೋರ್ಡ್ ಮಾರ್ಕರ್ ಇನ್ನೂ ಮೋಸ ಮಾಡುತ್ತದೆ: ನುಣುಪಾದ ಬೋರ್ಡಿನಿಂದ ಬೆರಳಲ್ಲಿ ಒರೆಸಿದರೂ ಹೋಗುವುದನ್ನು ನೋಡಿದ ಮಗು ಅಂಗಿಯಿಂದಲೂ ಹಾಗೇ ಹೋಗುತ್ತದೆ ಅಂದುಕೊಳ್ಳುತ್ತದೆ. ಬಟ್ಟೆಯಿಂದ ಅದು ಸುಲಭವಾಗಿ ಬಿಡುವುದಿಲ್ಲ. ಮನೆಯಲ್ಲಿ ಈ ಎರಡೂ ಇದ್ದರೆ ಮಕ್ಕಳ ಬಣ್ಣದ ಡಬ್ಬದಿಂದ ದೂರ, ಮೇಲಿನ ಕಪಾಟಿನಲ್ಲಿಡಿ.

ಅಂಗಡಿಯಲ್ಲಿ ಸಿಗುವ ಮಾಮೂಲಿ ಹನ್ನೆರಡು ಬಣ್ಣದ ಸ್ಕೆಚ್ ಪೆನ್‌ಗಳಲ್ಲಿ ಇರುವುದು ಸಾಮಾನ್ಯವಾಗಿ ನೀರಿನ ಇಂಕು. ಬಹಳ ಜನ ಎಡವುವುದು ಇಲ್ಲೇ. ನೀರಿನಲ್ಲಿ ಮಾಡಿದ ಇಂಕು ಎಂದ ಮಾತ್ರಕ್ಕೆ ನೀರಿನಲ್ಲಿ ತೊಳೆದರೆ ಹೋಗುತ್ತದೆ ಎಂದಲ್ಲ. ಅಮೆರಿಕದ ಕ್ರೆಯೋಲಾ ಮಕ್ಕಳಿಗಾಗಿ ಮಾರ್ಕರ್ ತಂದದ್ದು 1978ರಲ್ಲಿ, ತೊಳೆದರೆ ಹೋಗುವ ಮಾರ್ಕರ್ ತಂದದ್ದು 1987ರಲ್ಲಿ. ಬಣ್ಣ ಹಚ್ಚುವ ಇಂಕು ಮಾಡುವುದು ಒಂದು ಕೆಲಸ, ಬಟ್ಟೆ ಬಿಟ್ಟು ಹೋಗುವ ಇಂಕು ಮಾಡುವುದು ಇನ್ನೊಂದೇ ಕೆಲಸ ಎನ್ನುವುದು ಆ ನಡುವಿನ ವರ್ಷಗಳಿಂದಲೇ ತಿಳಿಯುತ್ತದೆ.

ಸಾಮಾನ್ಯ ಬಣ್ಣದ ಅಣು ಚಿಕ್ಕದು. ನೀರಿನ ಜೊತೆ ನೂಲಿನ ಎಳೆಯೊಳಗೆ ಇಳಿದು ಅಲ್ಲೇ ಅಂಟಿಕೊಳ್ಳುತ್ತದೆ. ವಾಷಬಲ್ ಇಂಕಿನಲ್ಲಿ ಬಣ್ಣದ ಅಣುವನ್ನು ಪಾಲಿಮರ್‌ಗೆ, ಅಂದರೆ ಸರಪಳಿಯಂತೆ ಉದ್ದವಾದ, ನೀರಿನಲ್ಲಿ ಸುಲಭವಾಗಿ ಕರಗುವ ಅಣುವಿಗೆ ಜೋಡಿಸಿರುತ್ತಾರೆ. ಅಷ್ಟು ದೊಡ್ಡದು ಎಳೆಯೊಳಗೆ ನುಗ್ಗಲಾರದೆ ಮೇಲೆಯೇ ಉಳಿಯುತ್ತದೆ, ನೀರು ಬಿದ್ದಾಗ ಅದರೊಂದಿಗೆ ಹೊರಟುಹೋಗುತ್ತದೆ.

ಏನೇನು ಬೇಕು

ಹೊಸ ಪೆನ್ ಡಬ್ಬ. ಮಗುವಿಗೆ ಚಿಕ್ಕದಾದ ಹಳೇ ಯೂನಿಫಾರ್ಮ್ ಅಂಗಿ (ಈಗಿನದೂ ಅದೇ ಬಟ್ಟೆಯದ್ದಾಗಿರಬೇಕು, ಬೇರೆ ಬಟ್ಟೆಯಲ್ಲಿ ನೋಡಿ ಪ್ರಯೋಜನವಿಲ್ಲ). ಮಗು ಬಳಸುವ ಡ್ರಾಯಿಂಗ್ ಬುಕ್ಕಿನ ಒಂದು ಹಾಳೆ, ಒಂದು ಎ4 ಹಾಳೆ, ಒಂದು ತುಂಡು ಚಾರ್ಟ್ ಪೇಪರ್. ಬಿಳಿ ಟಿಶ್ಯೂ ಪೇಪರ್, ಒಂದು ಲೋಟ ನೀರು. ದಿನಾ ಬಟ್ಟೆಗೆ ಹಾಕುವ ಸೋಪಿನ ಪುಡಿ ಅಥವಾ ಲಿಕ್ವಿಡ್. ಮೆತ್ತನೆಯ ಹಳೇ ಬಟ್ಟೆ ಎರಡು. ವಿಶೇಷವಾಗಿ ಕೊಂಡು ತರಬೇಕಾದ್ದು ಏನೂ ಇಲ್ಲ.

ಹಂತ 1: ಡಬ್ಬ ಓದಿ

ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದಿ. ಅಲ್ಲಿ ಮೂರು ಸಂಗತಿ ಹುಡುಕಬೇಕು.

ಮೊದಲನೆಯದು, ಯಾವುದರಿಂದ ತೊಳೆದರೆ ಹೋಗುತ್ತದೆ ಎಂಬುದು. ಕೆಲವು ಡಬ್ಬಗಳಲ್ಲಿ “ಚರ್ಮದಿಂದ ಮತ್ತು ಹೆಚ್ಚಿನ ಬಟ್ಟೆಗಳಿಂದ” ಎಂದಿರುತ್ತದೆ, ಕೆಳಗೆ ಗೋಡೆ, ವಾಲ್‌ಪೇಪರ್, ಮರ, ಕಾರ್ಪೆಟ್ ಮೇಲೆ ಕಲೆ ಉಳಿಯಬಹುದು ಎಂಬ ಎಚ್ಚರಿಕೆಯೂ ಇರುತ್ತದೆ. ಕೆಲವದರಲ್ಲಿ ಚರ್ಮ ಎಂದು ಮಾತ್ರ ಇರುತ್ತದೆ, ಬಟ್ಟೆಯ ಸುದ್ದಿಯೇ ಇರುವುದಿಲ್ಲ. ಬರೀ ‘ವಾಷಬಲ್’ ಎಂದು ಬರೆದು ಸುಮ್ಮನಾಗಿದ್ದರೆ ಬಟ್ಟೆಯ ಭರವಸೆ ಇಲ್ಲ ಎಂದೇ ತಿಳಿದು ಮುಂದಿನ ಪರೀಕ್ಷೆ ಮಾಡಿ.

ಎರಡನೆಯದು, ಸುರಕ್ಷತೆಯ ಗುರುತುಗಳು. ಇಎನ್ 71 ಎನ್ನುವುದು ಯುರೋಪಿನ ಆಟಿಕೆ ಸುರಕ್ಷತಾ ಮಾನದಂಡ. ಅದರ ಮೂರನೇ ಭಾಗ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಎಷ್ಟರಮಟ್ಟಿಗೆ ಹೊರಬರಬಹುದು ಎಂಬುದಕ್ಕೆ ಮಿತಿ ಹಾಕುತ್ತದೆ. ನಮ್ಮ ದೇಶದ ಆಟಿಕೆ ಮಾನದಂಡ ಐಎಸ್ 9873. ಹೊರದೇಶದ ಡಬ್ಬಗಳಲ್ಲಿ ಎಎಸ್‌ಟಿಎಂ ಡಿ-4236 ಎಂದೂ ಇರುತ್ತದೆ. ಈ ಕೊನೆಯದನ್ನು ಜನ ತಪ್ಪಾಗಿ ಓದುತ್ತಾರೆ. ಅದು ‘ಅಪಾಯವಿಲ್ಲ’ ಎಂಬ ಸರ್ಟಿಫಿಕೇಟ್ ಅಲ್ಲ. ಬಹುಕಾಲದ ಬಳಕೆಯಿಂದ ತೊಂದರೆ ಇದ್ದರೆ ಅದನ್ನು ಡಬ್ಬದ ಮೇಲೆ ನಮೂದಿಸಲೇಬೇಕು ಎಂಬ ನಿಯಮ. ಆ ಸಂಖ್ಯೆ ಕಂಡರೆ ಪಕ್ಕದಲ್ಲಿ ಎಚ್ಚರಿಕೆ ಏನಾದರೂ ಇದೆಯೇ ಎಂದು ನೋಡಬೇಕು. ವೃತ್ತದೊಳಗೆ ಎಪಿ ಎಂಬ ಮುದ್ರೆ ಇದ್ದರೆ ವಿಷತಜ್ಞರು ಪರಿಶೀಲಿಸಿ ನಿರಪಾಯ ಎಂದಿದ್ದಾರೆ ಎಂದರ್ಥ.

ಮೂರನೆಯದು, ಮುಚ್ಚಳ. ಒಂದು ಪೆನ್ನಿನ ಮುಚ್ಚಳ ತೆಗೆದು ಬೆಳಕಿಗೆ ಹಿಡಿದರೆ ತುದಿಯಲ್ಲಿ ಅಥವಾ ಪಕ್ಕದಲ್ಲಿ ಗಾಳಿ ಹೋಗುವ ರಂಧ್ರ ಕಾಣಬೇಕು. ಅಕಸ್ಮಾತ್ ಮಗುವಿನ ಗಂಟಲಿಗೆ ಸಿಕ್ಕಿದರೂ ಉಸಿರು ಹಾದುಹೋಗಲಿ ಎಂದು ಹಾಗೆ ಮಾಡುತ್ತಾರೆ. ಹದಿನಾಲ್ಕು ವರ್ಷದವರೆಗಿನ ಮಕ್ಕಳ ಪೆನ್ ಮುಚ್ಚಳಗಳಿಗಾಗಿಯೇ ಐಎಸ್‌ಒ 11540 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ರಂಧ್ರವಿದ್ದರೂ ಮೂರು ವರ್ಷದೊಳಗಿನ ಮಗುವನ್ನು ಪೆನ್ನುಗಳೊಂದಿಗೆ ಒಂಟಿಯಾಗಿ ಬಿಡಬೇಡಿ.

ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ ಹೆಸರೂ ವಿಳಾಸವೂ ಇಲ್ಲದ ಡಬ್ಬಗಳು ಅಗ್ಗಕ್ಕೆ ಸಿಗುತ್ತವೆ. ಮುಚ್ಚಳ ತೆಗೆದ ಕೂಡಲೇ ಸ್ಪಿರಿಟ್ ಅಥವಾ ಪೇಂಟಿನ ಘಾಟು ಬಂದರೆ ಅದು ಮಕ್ಕಳ ಪೆನ್ ಅಲ್ಲ, ವಾಪಸ್ ಕೊಟ್ಟುಬಿಡಿ. ಹಣ್ಣಿನ ಪರಿಮಳ ಬೆರೆಸಿದ ಪೆನ್ನುಗಳನ್ನೂ ಚಿಕ್ಕವರಿಗೆ ನಾನು ಶಿಫಾರಸು ಮಾಡುವುದಿಲ್ಲ. ಸ್ಟ್ರಾಬೆರಿ ವಾಸನೆ ಬಂದರೆ ನೆಕ್ಕಬೇಕು ಅನ್ನಿಸುವುದು ಮಗುವಿನ ತಪ್ಪಲ್ಲ.

ಹಂತ 2: ನೀರಿನ ಪರೀಕ್ಷೆ

ಟಿಶ್ಯೂ ಪೇಪರನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ. ಪ್ರತಿ ಪಟ್ಟಿಯ ಕೆಳ ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಮೇಲೆ ಒಂದು ಬಣ್ಣದ ಅಡ್ಡಗೆರೆ ಎಳೆಯಿರಿ. ಗೆರೆ ಒಣಗಿದ ಮೇಲೆ ಪಟ್ಟಿಯ ಕೆಳ ಅಂಚು ಮಾತ್ರ ನೀರಿಗೆ ತಾಗುವಂತೆ ಲೋಟದ ಬಾಯಿಗೆ ತೂಗುಹಾಕಿ. ಗೆರೆ ನೀರಿನಲ್ಲಿ ಮುಳುಗಬಾರದು. ನೀರು ತಾನಾಗಿ ಮೇಲೇರುತ್ತಾ ಗೆರೆಯನ್ನು ದಾಟುತ್ತದೆ.

ಬಣ್ಣ ನೀರಿನ ಜೊತೆ ಮೇಲಕ್ಕೆ ಓಡಿತೇ? ಒಳ್ಳೆಯದು, ಮುಂದಿನ ಹಂತಕ್ಕೆ ಹೋಗಿ. ಗೆರೆ ಇದ್ದಲ್ಲೇ ಕದಲದೆ ನಿಂತಿತೇ? ಆ ಇಂಕು ನೀರಿಗೆ ಕರಗುವುದಿಲ್ಲ, ಬಟ್ಟೆಯಿಂದಲೂ ಹೋಗಲಾರದು. ಡಬ್ಬದ ಮೇಲೆ ಏನೇ ಬರೆದಿರಲಿ, ಅದನ್ನು ವಾಷಬಲ್ ಎಂದು ನಂಬಬೇಡಿ. ಇಲ್ಲೊಂದು ಎಚ್ಚರ: ಬಣ್ಣ ಓಡಿದ ಮಾತ್ರಕ್ಕೆ ಬಟ್ಟೆಯಿಂದ ಹೋಗುತ್ತದೆ ಎಂದು ಖಾತ್ರಿಯಾಗುವುದಿಲ್ಲ. ಮಾಮೂಲಿ ನೀರಿನ ಇಂಕೂ ಓಡುತ್ತದೆ. ಈ ಪರೀಕ್ಷೆ ಕೆಟ್ಟದ್ದನ್ನು ಬೇಗ ಹೊರಗೆ ಹಾಕಲು ಮಾತ್ರ.

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದರೆ ಇದೇ ಒಂದು ವಿಜ್ಞಾನ ಪಾಠ. ಕಪ್ಪು ಗೆರೆ ಮೇಲೇರುತ್ತಾ ಒಡೆದು ನೀಲಿ, ಗುಲಾಬಿ, ಹಳದಿ ಎಂದು ಬೇರೆ ಬೇರೆ ಪಟ್ಟೆಗಳಾಗುವುದನ್ನು ನೋಡಬಹುದು, ಯಾಕೆಂದರೆ ಹಲವು ಕಪ್ಪು ಇಂಕುಗಳು ನಾಲ್ಕಾರು ಬಣ್ಣಗಳ ಮಿಶ್ರಣ. ಒಂದೊಂದು ಬಣ್ಣ ಒಂದೊಂದು ವೇಗದಲ್ಲಿ ಓಡುವುದರಿಂದ ಅವು ಬೇರ್ಪಡುತ್ತವೆ. ದೊಡ್ಡ ತರಗತಿಯ ಪುಸ್ತಕಗಳಲ್ಲಿ ಇದಕ್ಕೆ ಕ್ರೊಮ್ಯಾಟೊಗ್ರಫಿ ಎನ್ನುತ್ತಾರೆ.

ಹಂತ 3: ಬಟ್ಟೆ

ಇದೇ ಮುಖ್ಯ ಪರೀಕ್ಷೆ, ಇದಕ್ಕೆ ಸಮಯ ಕೊಡಿ.

ಹಳೇ ಅಂಗಿಯಿಂದ ಅಂಗೈ ಅಗಲದ ಎರಡು ತುಂಡು ಕತ್ತರಿಸಿ. ಎರಡರಲ್ಲೂ ಡಬ್ಬದ ಪ್ರತಿ ಬಣ್ಣದಿಂದ ಒಂದೊಂದು ದಪ್ಪ ಗೆರೆ ಎಳೆಯಿರಿ, ಡಬ್ಬದಲ್ಲಿ ಜೋಡಿಸಿದ ಕ್ರಮದಲ್ಲೇ. ಆಗ ಯಾವ ಗೆರೆ ಯಾವ ಪೆನ್ನಿನದು ಎಂದು ಮರೆಯುವುದಿಲ್ಲ. ಬರೀ ಕೆಂಪು, ನೀಲಿ ಪ್ರಯತ್ನಿಸಿ ನಿಲ್ಲಿಸಬೇಡಿ. ಒಂದೇ ಡಬ್ಬದಲ್ಲಿ ಹನ್ನೊಂದು ಬಣ್ಣ ಹೋಗಿ ಒಂದು ಉಳಿಯುವುದುಂಟು. ನೇರಳೆ, ಕಡುಗುಲಾಬಿ, ಕಡುನೀಲಿ, ಕಪ್ಪು ಇವುಗಳ ಮೇಲೆ ವಿಶೇಷ ಕಣ್ಣಿಡಿ.

ಒಂದು ತುಂಡಿನ ಮೂಲೆಗೆ ಒಂದು ಗಂಟು ಹಾಕಿ, ಅದನ್ನು ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಇನ್ನೊಂದಕ್ಕೆ ಎರಡು ಗಂಟು ಹಾಕಿ ಮರುದಿನದವರೆಗೆ ಇಡಿ. ಮಗು ಶಾಲೆಯಲ್ಲಿ ಕಲೆ ಮಾಡಿಕೊಂಡ ಅಂಗಿ ನಿಮ್ಮ ಬಕೆಟ್‌ಗೆ ಬರುವಷ್ಟರಲ್ಲಿ ಅಷ್ಟು ಹೊತ್ತು ಆಗಿಯೇ ಆಗಿರುತ್ತದೆ. ಆದ್ದರಿಂದ ಎರಡನೇ ತುಂಡಿನ ಫಲಿತಾಂಶವೇ ನಿಮ್ಮ ಪಾಲಿಗೆ ನಿಜವಾದದ್ದು.

ತೊಳೆಯುವ ಕ್ರಮ ಹೀಗೆ:

ಮೊದಲು ನಲ್ಲಿಯ ತಣ್ಣೀರು. ಬಟ್ಟೆಯನ್ನು ತಿರುಗಿಸಿ ಕಲೆಯ ಹಿಂಭಾಗದಿಂದ ನೀರು ಬಿಡಿ. ಬಣ್ಣ ಬಂದ ದಾರಿಯಲ್ಲೇ ಹೊರಗೆ ಹೋಗಲಿ. ಮುಂಭಾಗದಿಂದ ಬಿಟ್ಟರೆ ಅದು ಬಟ್ಟೆಯನ್ನೆಲ್ಲ ದಾಟಿಕೊಂಡು ಹೋಗಬೇಕಾಗುತ್ತದೆ. ಹರಿಯುವ ನೀರು ತಿಳಿಯಾಗುವ ತನಕ ಬಿಡಿ, ಉಜ್ಜಬೇಡಿ.

ಆಮೇಲೆ ಸೋಪು. ಬೋರ್‌ವೆಲ್ ನೀರಿನ ಮನೆಗಳು ಇಲ್ಲಿ ಗಮನಿಸಬೇಕು. ಗಡಸು ನೀರಿನಲ್ಲಿ, ಅಂದರೆ ಕ್ಯಾಲ್ಸಿಯಂ ಮೆಗ್ನೀಸಿಯಂ ಲವಣ ಹೆಚ್ಚಿರುವ ನೀರಿನಲ್ಲಿ, ಹಳೇ ಮಾದರಿಯ ಬಾರ್ ಸೋಪು ನೊರೆ ಕೊಡುವ ಬದಲು ಬಿಳಿ ಕಸರಾಗಿ ಬಟ್ಟೆಗೆ ಕೂರುತ್ತದೆ. ಡಿಟರ್ಜೆಂಟ್ ಪುಡಿ ಅಥವಾ ಲಿಕ್ವಿಡ್‌ಗೆ ಆ ತೊಂದರೆ ಕಡಿಮೆ. ಅರ್ಧ ಗಂಟೆ ನೆನೆಸಿ, ಕೈಯಲ್ಲಿ ಹಿಂಡಿ, ಜಾಲಿಸಿ.

ಬಟ್ಟೆ ಒದ್ದೆಯಾಗಿರುವಾಗಲೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮಸುಕು ಗೆರೆ ಇದ್ದರೆ ಒಣಗಲು ಬಿಡದೆ ಇನ್ನೊಮ್ಮೆ ತೊಳೆಯಿರಿ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಬೇಡಿ, ಡ್ರೈಯರ್‌ಗೂ ಹಾಕಬೇಡಿ. ಅಷ್ಟು ಶಾಖ ತಗುಲಿದರೆ ಉಳಿದ ಬಣ್ಣ ಗಟ್ಟಿಯಾಗಿ ಕೂರುತ್ತದೆ. ಕೆಲವು ಕಂಪನಿಗಳು ಬಿಸಿ ನೀರಿನಲ್ಲಿ ಒಗೆಯಲು ಹೇಳುತ್ತವೆ. ನಿಮ್ಮ ಡಬ್ಬದ ಮೇಲೆ ಹಾಗಿದ್ದರೆ ಮೂರನೆಯ ತುಂಡೊಂದರಲ್ಲಿ ಅದನ್ನೂ ನೋಡಿ, ಯಾವುದು ಚೆನ್ನಾಗಿ ಕೆಲಸ ಮಾಡಿತೋ ಅದನ್ನೇ ಇಟ್ಟುಕೊಳ್ಳಿ.

ಮಾಡಬಾರದ್ದು ಇನ್ನೂ ಕೆಲವಿವೆ. ಸ್ಯಾನಿಟೈಸರ್ ಸುರಿಯಬೇಡಿ, ಆಲ್ಕೊಹಾಲ್ ಬಣ್ಣವನ್ನು ಕರಗಿಸಿ ಅಕ್ಕಪಕ್ಕಕ್ಕೂ ಹರಡಬಹುದು. ಬ್ಲೀಚ್ ಬೇಡ, ಬಣ್ಣದ ಯೂನಿಫಾರ್ಮ್ ಆದರೆ ಕಲೆಯ ಜೊತೆ ಬಟ್ಟೆಯ ಬಣ್ಣವೂ ಹೋದೀತು. ಕಲೆ ತೆಗೆಯುವ ದ್ರಾವಣಗಳನ್ನು ನೀರಿಗಿಂತ ಮುಂಚೆ ಹಚ್ಚುವುದೂ ಬೇಡ. ಅದರಿಂದ ಕಲೆ ಕೂರಬಹುದು ಎಂದು ವಾಷಬಲ್ ಪೆನ್ನುಗಳ ಡಬ್ಬದ ಮೇಲೆಯೇ ಎಚ್ಚರಿಸುವುದುಂಟು. ಅರಿಶಿನದ ಕಲೆಗೆ ನಾವು ಮಾಡುವ ಹಾಗೆ ಬಿಸಿಲಿಗೆ ಹಾಕಿ ಕಾಯುವುದೂ ಇಲ್ಲಿ ಸರಿಯಲ್ಲ. ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದೇ ಇಲ್ಲ, ಅದಕ್ಕೆ ಬಿಸಿಲು ಬೇಕು. ಈ ಇಂಕು ಕರಗುವುದೇ ನೀರಿನಲ್ಲಿ.

ರೇಷ್ಮೆ ಮತ್ತು ಉಣ್ಣೆಯಲ್ಲಿ ಪರೀಕ್ಷೆ ಮಾಡುವ ಸಾಹಸವೇ ಬೇಡ. ಇವೆರಡೂ ಪ್ರಾಣಿಜನ್ಯ ಎಳೆಗಳು, ಹತ್ತಿಗಿಂತ ಗಟ್ಟಿಯಾಗಿ ಹಲವು ಬಣ್ಣಗಳನ್ನು ಹಿಡಿದುಕೊಳ್ಳುತ್ತವೆ. ಹಬ್ಬದ ದಿನ ರೇಷ್ಮೆ ಲಂಗ ತೊಟ್ಟ ಮಗಳ ಕೈಗೆ ಯಾವ ಕಂಪನಿಯ ಪೆನ್ನನ್ನೂ ಕೊಡಬೇಡಿ, ಕ್ರೆಯಾನ್ ಕೊಡಿ.

ಎರಡನೇ ತುಂಡಿನಲ್ಲಿ ಉಳಿದುಕೊಂಡ ಬಣ್ಣದ ಪೆನ್ನುಗಳನ್ನು ಡಬ್ಬದಿಂದ ತೆಗೆದು ಬೇರೆ ಇಡಿ. ಬಿಸಾಡಬೇಕಾಗಿಲ್ಲ. ಮನೆಯಲ್ಲಿ ಹಳೇ ಟೀ ಶರ್ಟ್ ಹಾಕಿಕೊಂಡಾಗ ಬಳಸಲಿ, ಶಾಲೆಯ ಬ್ಯಾಗಿಗೆ ಹೋಗುವುದು ಬೇಡ. ಇನ್ನು ಯೂನಿಫಾರ್ಮ್ ಜೇಬನ್ನು ಒಗೆಯುವ ಮುನ್ನ ತಡಕುವುದು ಅಭ್ಯಾಸವಾಗಲಿ. ಮುಚ್ಚಳವಿಲ್ಲದ ಒಂದು ಪೆನ್ನು ವಾಷಿಂಗ್ ಮೆಷಿನ್‌ಗೆ ಹೋದರೆ ಆ ದಿನದ ಬಟ್ಟೆಗಳಿಗೆಲ್ಲ ಬಣ್ಣ ಹಂಚುತ್ತದೆ.

ಹಂತ 4: ಗೋಡೆ ಮತ್ತು ನೆಲ

ಬಾಗಿಲ ಹಿಂದೆ ಅಥವಾ ಬೀರು ಮರೆಯಲ್ಲಿ ಯಾರಿಗೂ ಕಾಣದ ಮೂಲೆ ಆರಿಸಿ, ಎರಡೇ ಎರಡು ಪುಟ್ಟ ಗೆರೆ ಎಳೆದು ಅರ್ಧ ಗಂಟೆ ಬಿಟ್ಟು ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಿರಿ. ತಿಕ್ಕಿದರೆ ಬಣ್ಣ ಅಗಲವಾಗುತ್ತದೆ, ಗೋಡೆಯ ಪೇಂಟೂ ಏಳುತ್ತದೆ.

ಫಲಿತಾಂಶ ಪೆನ್ನಿಗಿಂತ ಹೆಚ್ಚಾಗಿ ಗೋಡೆಯ ಮೇಲೆ ನಿಂತಿದೆ. ಆಯಿಲ್ ಪೇಂಟ್ ಅಥವಾ ಹೊಳಪಿನ ಎಮಲ್ಷನ್ ಇದ್ದರೆ ಇಂಕು ಮೇಲ್ಮೈಯಲ್ಲೇ ಉಳಿಯುವುದರಿಂದ ಒರೆಸಿದರೆ ಬರುತ್ತದೆ. ಡಿಸ್ಟೆಂಪರ್ ಇಂಕನ್ನು ಹೀರುತ್ತದೆ, ಒದ್ದೆ ಬಟ್ಟೆ ತಾಗಿದರೆ ತಾನೇ ಪುಡಿಪುಡಿಯಾಗಿ ಕೈಗೆ ಬರುತ್ತದೆ. ಸುಣ್ಣದ ಗೋಡೆಯಿಂದ ತೆಗೆಯುವ ಆಸೆ ಬಿಡಿ, ಮೇಲೆ ಮತ್ತೊಮ್ಮೆ ಸುಣ್ಣ ಬಳಿಯುವುದೇ ದಾರಿ. ಬಾಡಿಗೆ ಮನೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಖಾಲಿ ಮಾಡುವಾಗ ಪೇಂಟಿಂಗ್ ಖರ್ಚೆಂದು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು ಗೊತ್ತೇ ಇದೆ.

ನೆಲದಲ್ಲಿ ವಿಟ್ರಿಫೈಡ್ ಟೈಲ್ಸ್‌ಗೆ ಭಯವಿಲ್ಲ, ಆದರೆ ಟೈಲ್ಸ್ ನಡುವಿನ ಸಂದಿಯ ಸಿಮೆಂಟ್ ಬಣ್ಣ ಹೀರಿಕೊಳ್ಳುತ್ತದೆ. ಪಾಲಿಶ್ ಇಲ್ಲದ ಕಡಪ ಕಲ್ಲು, ಬಣ್ಣ ಬಳಿಯದ ಮರ ಕೂಡ ಹೀಗೆಯೇ.

ಮಗು ಗೋಡೆಗೆ ಹೋಗುವುದು ಗೋಡೆ ದೊಡ್ಡದಾಗಿರುವುದಕ್ಕೆ. ಅಷ್ಟೇ ದೊಡ್ಡ ಜಾಗ ಅದಕ್ಕೆ ಕೊಡಿ. ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರ್ ರೋಲ್ ತಂದು ಮಗುವಿನ ಎತ್ತರಕ್ಕೆ ಎರಡು ಪದರ ಅಂಟಿಸಿ. ಒಂದೇ ಪದರವಾದರೆ ಇಂಕು ಹಿಂದಕ್ಕೆ ಇಳಿಯಬಹುದು. ಕೆಲವು ಗೋಡೆಗಳ ಕಲೆ ಮಗು ಗೋಡೆಯ ಮೇಲೆ ಬರೆದದ್ದರಿಂದ ಆದದ್ದೇ ಅಲ್ಲ, ತೆಳು ಹಾಳೆ ಅಂಟಿಸಿ ಬರೆಯಲು ಹೇಳಿದ ದೊಡ್ಡವರಿಂದ ಆದದ್ದು.

ಹಂತ 5: ಕೈ, ಮುಖ

ಅಂಗೈ ಹಿಂಭಾಗದಲ್ಲಿ ಪುಟ್ಟ ಚುಕ್ಕೆಯಿಟ್ಟು ಹತ್ತು ನಿಮಿಷದ ಮೇಲೆ ಸೋಪು ಹಾಕಿ ತೊಳೆಯಿರಿ. ತುಸು ಉಳಿದರೂ ಚಿಂತೆಯಿಲ್ಲ, ಸ್ನಾನ ಮಾಡಿದಂತೆಲ್ಲ ಹೋಗುತ್ತದೆ. ತುರಿಕೆ, ಕೆಂಪು ಕಂಡರೆ ಆ ಡಬ್ಬ ಬಳಸಬೇಡಿ. ನೇಲ್ ಪಾಲಿಶ್ ರಿಮೂವರ್ ಮಗುವಿನ ಚರ್ಮಕ್ಕೆ ಬೇಡವೇ ಬೇಡ. ನಿರಪಾಯ ಎಂದು ಬರೆದಿದ್ದರೂ ಅದು ಹಾಳೆಯ ಮೇಲೆ ಬಳಸುವಾಗ ಆಕಸ್ಮಿಕವಾಗಿ ತಾಗುವುದಕ್ಕೆ ಸಂಬಂಧಿಸಿದ ಮಾತು. ಮುಖಕ್ಕೆ ಹುಲಿಯ ಪಟ್ಟೆ ಬರೆಯಲು, ತುಟಿಗೆ ಹಚ್ಚಲು ಮಾಡಿದ ಪೆನ್ನು ಇದಲ್ಲ. ಮಗು ತುದಿಯನ್ನು ಬಾಯಿಗಿಟ್ಟುಕೊಂಡು ನಾಲಿಗೆ ನೀಲಿಯಾಗಿದ್ದರೆ ಬಾಯಿ ಮುಕ್ಕಳಿಸಿ ನೀರು ಕುಡಿಸಿದರೆ ಸಾಕು. ಮುಚ್ಚಳ ಅಥವಾ ತುದಿ ನುಂಗಿದ ಅನುಮಾನವಿದ್ದರೆ, ಕೆಮ್ಮು ಉಬ್ಬಸ ಕಂಡರೆ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಹಂತ 6: ಹಾಳೆ, ಮತ್ತು ಮೊದಲ ಚಿತ್ರ

ಈಗ ಮಗು ಬರಲಿ.

ಮೂರು ಬಗೆಯ ಹಾಳೆಯಲ್ಲೂ ಒಂದು ಚೌಕ ತುಂಬಿಸಿ, ತಿರುಗಿಸಿ ಹಿಂಭಾಗ ನೋಡಿ. ಹಾಳೆಯ ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ; ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಜೆರಾಕ್ಸ್‌ಗೆ ಬಳಸುವ ಎ4 ಹಾಳೆ ಸಾಮಾನ್ಯವಾಗಿ 70ರಿಂದ 80 ಜಿಎಸ್‌ಎಂ. ಅದರಲ್ಲಿ ಬಣ್ಣ ಹಿಂದಕ್ಕೆ ಇಳಿಯುತ್ತದೆ, ಒಂದೇ ಕಡೆ ಎರಡು ಮೂರು ಸಲ ತಿಕ್ಕಿದರೆ ಹಾಳೆ ಜುಂಗು ಜುಂಗಾಗಿ ಏಳುತ್ತದೆ. ಸ್ಕೆಚ್ ಪೆನ್ನಿಗೆ 120ಕ್ಕಿಂತ ಮೇಲಿನದು ನೆಮ್ಮದಿ. ನೀರು ಸೇರಿಸುವ ಕೆಲಸಕ್ಕೆ 200 ದಾಟಿದ್ದು ಬೇಕು. ಚಾರ್ಟ್ ಪೇಪರ್‌ನ ಒಂದು ಮುಖ ನುಣುಪಾಗಿದ್ದರೆ ಅಲ್ಲಿ ಬಣ್ಣ ಒಣಗಲು ಹೊತ್ತು ಹಿಡಿಯುತ್ತದೆ, ಕೈ ತಾಗಿ ಅಳಿಸಿಕೊಳ್ಳುತ್ತದೆ. ಒರಟು ಮುಖದಲ್ಲಿ ಬರೆಯಲು ಹೇಳಿ.

ಮೊದಲ ಚಿತ್ರಕ್ಕೆ ನಾನು ಕನ್ನಡ ಬಾವುಟವನ್ನೇ ಆರಿಸುತ್ತೇನೆ. ಮೇಲೆ ಹಳದಿ, ಕೆಳಗೆ ಕೆಂಪು, ಎರಡೇ ಬಣ್ಣ. ಆದರೂ ಈ ಪೆನ್ನುಗಳ ಗುಣವೆಲ್ಲ ಅದರಲ್ಲಿ ಗೊತ್ತಾಗುತ್ತದೆ. ಕೆಂಪು ಮೊದಲು ಹಚ್ಚಿ ಅದು ಒಣಗುವ ಮುಂಚೆ ಹಳದಿ ತಂದು ಅಂಚಿಗೆ ತಾಗಿಸಿದರೆ ಹಳದಿ ಪೆನ್ನಿನ ತುದಿ ಕೆಂಪನ್ನು ಹೀರಿ ಕಿತ್ತಳೆಯಾಗುತ್ತದೆ, ಆಮೇಲೆ ಬರೆದಲ್ಲೆಲ್ಲ ಕೊಳಕು ಹಳದಿ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ, ನಡುವೆ ಒಣಗಲು ಬಿಡಬೇಕು. ತುದಿ ಕೊಳೆಯಾಗಿಬಿಟ್ಟರೆ ರಫ್ ಹಾಳೆಯಲ್ಲಿ ಶುದ್ಧ ಹಳದಿ ಬರುವ ತನಕ ಗೀಚಿದರೆ ಸರಿಹೋಗುತ್ತದೆ. ದೊಡ್ಡ ಜಾಗ ತುಂಬುವಾಗ ಒಂದೇ ದಿಕ್ಕಿನಲ್ಲಿ ಗೆರೆ ಪಕ್ಕ ಗೆರೆ ಎಳೆಯಲಿ, ಹಿಂದೆ ಮುಂದೆ ತಿಕ್ಕುವುದು ಬೇಡ.

ಎರಡನೇ ಚಿತ್ರಕ್ಕೆ ನೀರು ಸೇರಿಸಿ. ನೀರಿಗೆ ಕರಗುವುದು ಈ ಇಂಕಿನ ದೋಷವೆಂದು ಎಷ್ಟೋ ಜನ ದೂರುತ್ತಾರೆ, ನನಗೆ ಅದೇ ಇದರ ಅತಿ ದೊಡ್ಡ ಗುಣ. ಹಳೇ ಸ್ಟೀಲ್ ತಟ್ಟೆಯ ಮೇಲೆ ನೀಲಿ, ಹಸಿರು ದಟ್ಟವಾಗಿ ಗೀಚಿ, ಎರಡು ಹನಿ ನೀರು ಬಿಟ್ಟರೆ ಜಲವರ್ಣ ಸಿದ್ಧ. ಬ್ರಷ್‌ನಲ್ಲಿ ಎತ್ತಿಕೊಂಡು ದಪ್ಪ ಹಾಳೆಯ ಮೇಲೆ ಆಕಾಶ, ಕೆರೆ, ಗದ್ದೆ ಬಳಿಯಬಹುದು. ಮೊದಲೇ ಮೇಣದ ಕ್ರೆಯಾನ್‌ನಲ್ಲಿ ಮೋಡ ಬರೆದಿಟ್ಟರೆ ನೀರಿನ ಬಣ್ಣ ಅದರ ಮೇಲೆ ನಿಲ್ಲದೆ ಸರಿದುಹೋಗುತ್ತದೆ, ಮೋಡ ಬೆಳ್ಳಗೇ ಉಳಿಯುತ್ತದೆ. ತಟ್ಟೆ ತೊಳೆದರೆ ಆಯಿತು.

ಈ ಪೆನ್ನು ಸಲ್ಲದ ಕೆಲಸಗಳೂ ಇವೆ. ದೀಪಾವಳಿಗೆ ಹೊರಗೆ ತೂಗುಹಾಕುವ ಗೂಡುದೀಪಕ್ಕೆ ಬೇಡ, ಇಬ್ಬನಿ ಬಿದ್ದರೂ ಬಣ್ಣ ಇಳಿಯುತ್ತದೆ. ಆಗಸ್ಟ್ 15ರ ಮೆರವಣಿಗೆಯ ಫಲಕಕ್ಕೆ ಬೇಡ, ಆ ದಿನಗಳಲ್ಲಿ ಮಳೆ ಹೇಳದೆ ಬರುತ್ತದೆ. ಇವಕ್ಕೆ ಕ್ರೆಯಾನ್, ಆಯಿಲ್ ಪೇಸ್ಟಲ್ ಒಳ್ಳೆಯದು. ಯಕ್ಷಗಾನದ ವೇಷದ ಮುಖವಾಡ ಮಾಡಿ ಹಾಕಿಕೊಳ್ಳುವುದಿದ್ದರೆ ಹೊರಭಾಗಕ್ಕೆ ಮಾತ್ರ ಬಣ್ಣ ಹಚ್ಚಿ, ಒಳಗೆ ಇನ್ನೊಂದು ಬಿಳಿ ಹಾಳೆ ಅಂಟಿಸಿ. ಇಲ್ಲದಿದ್ದರೆ ಬೆವರಿಗೆ ಬಣ್ಣ ಕರಗಿ ಮುಖಕ್ಕೆ ಇಳಿಯುತ್ತದೆ.

ಅಂಟಿಸುವ ಕೆಲಸವಿದ್ದರೆ ಕ್ರಮ ನೆನಪಿರಲಿ. ಬಿಳಿ ಗೋಂದಿನಲ್ಲಿ ನೀರಿರುವುದರಿಂದ ಬಣ್ಣದ ಮೇಲೆ ಸವರಿದರೆ ಎಲ್ಲವೂ ಕಲಸಿಹೋಗುತ್ತದೆ. ಮೊದಲು ಅಂಟಿಸಿ ಒಣಗಿಸಿ, ಆಮೇಲೆ ಬಣ್ಣ ಹಚ್ಚಿಸಿ. ಅವಸರವಿದ್ದರೆ ಗ್ಲೂ ಸ್ಟಿಕ್ ಬಳಸಿ, ಅದರಲ್ಲಿ ತೇವ ಕಡಿಮೆ.

ಹಂತ 7: ಒಣಗದಂತೆ ಇಡುವುದು

ಒಂದು ಪೆನ್ನಿನ ಮುಚ್ಚಳ ತೆಗೆದು ಮೇಜಿನ ಮೇಲೆ ಎರಡು ಮೂರು ಗಂಟೆ ಬಿಟ್ಟು ಬರೆದು ನೋಡಿ. ಮಗು ಮುಚ್ಚಳ ಮರೆಯುವುದು ಖಂಡಿತ, ಆದ್ದರಿಂದ ಇದೂ ಪರೀಕ್ಷೆಯ ಭಾಗವೇ. ಕಲಬುರಗಿ, ರಾಯಚೂರಿನ ಬೇಸಿಗೆಯ ಒಣಗಾಳಿಯಲ್ಲಿ ತುದಿ ಬೇಗ ಆರುತ್ತದೆ, ಮಂಗಳೂರಿನ ತೇವದಲ್ಲಿ ಹೆಚ್ಚು ಹೊತ್ತು ತಡೆಯುತ್ತದೆ. ಮುಚ್ಚಿದಾಗ ‘ಟಕ್’ ಎಂದು ಸದ್ದು ಬರಬೇಕು ಎಂದು ಮಗುವಿಗೆ ಕಲಿಸಿ. ಪೆನ್ನುಗಳನ್ನು ಅಡ್ಡ ಮಲಗಿಸಿಡಿ. ತುದಿ ಮೇಲೆ ಮಾಡಿ ಲೋಟದಲ್ಲಿ ನಿಲ್ಲಿಸಿದರೆ ಇಂಕು ಕೆಳಗಿಳಿದು ತುದಿ ಒಣಗುತ್ತದೆ.

ಒಣಗಿದ್ದಕ್ಕೆ ಉಗುರು ಬೆಚ್ಚಗಿನ ನೀರಿನಲ್ಲಿ ತುದಿಯನ್ನಷ್ಟೇ ಕೆಲವು ಸೆಕೆಂಡ್ ಅದ್ದಿ, ಮುಚ್ಚಳ ಹಾಕಿ ತುದಿ ಕೆಳಗಾಗಿ ಒಂದು ರಾತ್ರಿ ಇಡಿ. ಹಿಂಬದಿಯ ಬಿರಡೆ ಕಿತ್ತು ನೀರು ಹಾಕುವ ಹಳೇ ಉಪಾಯ ನಮ್ಮ ಕಾಲದ ಮಕ್ಕಳಿಗೆಲ್ಲ ಗೊತ್ತು. ಒಳಗಿನ ನಾರಿನ ಬತ್ತಿಗೆ ನಾಲ್ಕೈದು ಹನಿ ಹಾಕಿದರೆ ಕೆಲ ದಿನ ಬರೆಯುತ್ತದೆ, ಬಣ್ಣ ಮಾತ್ರ ತೆಳುವಾಗಿರುತ್ತದೆ. ಕಿತ್ತ ಬಿರಡೆ ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ಹೀಗೆ ನೀರು ಹಾಕಿದ ಪೆನ್ನಿನಿಂದ ಕೆಟ್ಟ ವಾಸನೆ ಬಂದರೆ ಅಥವಾ ತುದಿಯಲ್ಲಿ ಬೂಷ್ಟು ಕಂಡರೆ ಎಸೆಯಿರಿ.

ಬರೆದ ಚಿತ್ರವನ್ನು ಇಟ್ಟುಕೊಳ್ಳಬೇಕೆಂದರೆ ಅದೇ ದಿನ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಯಿರಿ, ಈ ಬಣ್ಣಗಳು ಬಿಸಿಲಿಗೆ ಮಸುಕಾಗುತ್ತವೆ. ಕಿಟಕಿಯ ಎದುರಿನ ಗೋಡೆಗೆ ತೂಗುಹಾಕದೆ ಫೈಲಿನಲ್ಲಿಡಿ. ಪ್ಲಾಸ್ಟಿಕ್ ಫೈಲ್ ಆದರೆ ಚಿತ್ರವನ್ನು ಒಂದು ರಾತ್ರಿ ಪೂರ್ತಿ ಆರಲು ಬಿಟ್ಟು ಒಳಗೆ ಹಾಕಿ. ಹಸಿ ಇರುವಾಗಲೇ ಹಾಕಿದರೆ ಬಣ್ಣ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಎದ್ದುಬರುತ್ತದೆ.